ಅವ್ವನ ಹೊಲದ ಗುಂಡಿ

ಆಳಂದದಲ್ಲಿ ಅಪ್ಪನ ಬಟ್ಟೆ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಬೆಳಿಗ್ಗೆ ಬಂದ ದುಡ್ಡು ಸಂಜೆಯವರೆಗೆ ಉಳಿದರೆ ಅವನಿಗೆ ಅವಮಾನವಾದಂತೆ. ಇದ್ದ ಟಿವಿ ಕೆಡದಿದ್ದರೂ ಇನ್ನೂ ದೊಡ್ಡದನ್ನು ತರುತ್ತಿದ್ದ, ಗೆಳೆಯರನ್ನು ಕಟ್ಟಿಕೊಂಡು ಊಟಕ್ಕೆಂದೇ ಸೊಲ್ಲಾಪುರಕ್ಕೆ ಹೋಗುತ್ತಿದ್ದ. ಕೊನೆಗೆ ಒಂದು ದೊಡ್ಡ ಕಾರಿನ ಮೇಲೆ ಅವನ ಕಣ್ಣು ಬಿತ್ತು.

ಮಾದನಹಿಪ್ಪರಗಾದ ಹತ್ತಿರ ಅವ್ವನಿಗೆ ತವರಿನವರು ಕೊಟ್ಟ ಎರಿ ಹೊಲವಿತ್ತು. ಮಳೆ ಕೈಕೊಟ್ಟ ವರ್ಷವೂ ಅಲ್ಲಿ ಮನೆಗಾಗುವಷ್ಟು ಜೋಳ ಬರುತ್ತಿತ್ತು. ನನ್ನ ಬಾಣಂತನಕ್ಕೆ ಅವ್ವ ಅಫಜಲಪುರದ ನಮ್ಮ ಮನೆಗೆ ಬಂದಿದ್ದಾಗ, ಅಪ್ಪ ಆ ಹೊಲದ ಕರಿ ಮಣ್ಣನ್ನು ಇಟ್ಟಿಗೆ ಭಟ್ಟಿಯವರಿಗೆ ಮಾರಿಬಿಟ್ಟ. ಜೆಸಿಬಿಯವರು ಆಳುದ್ದ ಬಗೆದು ಒಯ್ದರು. ಕೆಳಗಿನ ಬಿಳಿ ಮೊರಮ್, ಏನೂ ಬೆಳೆಯದ ಗರಸು, ಮಾತ್ರ ಉಳಿಯಿತು. ಅವ್ವ ತಿರುಗಿ ಹೋಗುವ ಹೊತ್ತಿಗೆ ಅದರಲ್ಲಿ ಮಳೆನೀರು ನಿಂತು, ಎಮ್ಮೆಗಳು ಬಿದ್ದುಕೊಂಡಿದ್ದವಂತೆ.

“ಹೊಲ ಎಲ್ಲಿ ಹೋಗ್ಯಾದ? ಅಲ್ಲೇ ಅದ. ಮ್ಯಾಲಿನ ಮಣ್ಣಷ್ಟೇ ಕೊಟ್ಟೇನಿ,” ಎಂದು ಅಪ್ಪ ನಕ್ಕ.

ಕಾರು ಬಂತು. ಕಂತು ಕಟ್ಟದ್ದಕ್ಕೆ ಸಾಲ ಕೊಟ್ಟವರು ಅದನ್ನೂ ಎಳೆದುಕೊಂಡು ಹೋದರು. ಅಪ್ಪ ಕೆಲ ದಿನ ಮಂಕಾಗಿದ್ದು, ಆಮೇಲೆ ಯಾರೋ ನಡೆಸುತ್ತಿದ್ದ ಸರಳ ಜೀವನದ ಶಿಬಿರಕ್ಕೆ ಹೋದ. ಬರುವಾಗ ಮೈಮೇಲೆ ಖಾದಿಯಿತ್ತು, ಬಾಯಲ್ಲಿ ಭೂಮಿತಾಯಿ ಇದ್ದಳು.

ಅವನ ಸರಳ ಜೀವನವನ್ನು ಬದುಕಬೇಕಾದವಳು ಅವ್ವ. ಮೊದಲು ಮಿಕ್ಸರ್ ಹೋಯಿತು, ಆಮೇಲೆ ಬಟ್ಟೆ ಒಗೆಯುವ ಮಷೀನು, ಕಡೆಗೆ ಗ್ಯಾಸ್ ಒಲೆ. ಅವಳು ಹಸಿ ತೊಗರಿಕಟ್ಟಿಗೆಯ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರೆ, ಅಪ್ಪ ಪಡಸಾಲೆಯಲ್ಲಿ ಬಂದವರಿಗೆ ಹೊಗೆಯಿಲ್ಲದ ಆಕಾಶದ ಬಗ್ಗೆ ಹೇಳುತ್ತಿದ್ದ. ಬೀಸುವ ಕಲ್ಲಿನಿಂದ ಅವಳ ಬೆರಳಿನ ಗೆಣ್ಣುಗಳು ಬಾತವು. ಗ್ಯಾಸಾದರೂ ತಿರುಗಿ ತರಿಸು ಎಂದು ನಾನು ಕೇಳಿದೆ. ಅಪ್ಪ ಸಮಾಧಾನದಿಂದಲೇ ಹೇಳಿದ: “ನಿಮ್ಮವ್ವಗ ಇನ್ನಾ ಅರಿವು ಬಂದಿಲ್ಲ.”

ಒಂದು ಭಾನುವಾರ ಕಲಬುರಗಿಯಿಂದ ಅವನನ್ನು ನೋಡಲು ಕೆಲವರು ಬಂದರು. ನಾನೂ ಇದ್ದೆ. ನಿಮ್ಮ ಹೊಲ ತೋರಿಸಿ ಎಂದು ಅವರು ಕೇಳಿದರು. ಬಿಸಿಲು ಜಾಸ್ತಿ ಎಂದು ಅಪ್ಪ ತಪ್ಪಿಸಿಕೊಳ್ಳಲು ನೋಡಿದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ನಾ ತೋರಸ್ತೇನಿ ಬರ್ರಿ ಎಂದು ಮೊದಲು ತಾನೇ ಅವರ ಗಾಡಿ ಹತ್ತಿದಳು.

ಗುಂಡಿಯ ಅಂಚಿಗೆ ಬಂದು ಎಲ್ಲರೂ ಬಗ್ಗಿ ನೋಡಿದರು. “ಇವರಿಗೆ ಅರಿವು ಬರೂದಕ್ಕ ಇಷ್ಟು ಆಳ ತೋಡಬೇಕಾತ್ರಿ,” ಎಂದಳು ಅವ್ವ.

ಇಂದಿಗೆ ಇವನ ಆಟ ಮುಗಿಯಿತು ಅಂದುಕೊಂಡೆ. ಆದರೆ ಬಂದವರಲ್ಲಿ ಒಬ್ಬ ಹಿರಿಯರು ಅಪ್ಪನ ಕೈ ಹಿಡಿದು, ತಪ್ಪನ್ನು ಹೀಗೆ ತೆರೆದಿಡಲು ದೊಡ್ಡ ಮನಸ್ಸು ಬೇಕು ಎಂದರು. ಅಪ್ಪ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ತಲೆ ತಗ್ಗಿಸಿ ಗುಂಡಿಗಿಳಿದ. ಅವರು ಫೋಟೋ ತೆಗೆದುಕೊಂಡರು.

ಅದೇ ವಾರ ಅವ್ವ ಗಂಟು ಕಟ್ಟಿಕೊಂಡು ಮಾದನಹಿಪ್ಪರಗಾಕ್ಕೆ, ತನ್ನ ತಮ್ಮನ ಮನೆಗೆ ಹೋದಳು. ಬೇಸಿಗೆಯಲ್ಲಿ ಗುಂಡಿಗೆ ಕೆರೆಯ ಹೂಳು ಹೊಡೆಸಿದಳು, ಗೊಬ್ಬರಕ್ಕೆಂದು ರಾತ್ರಿ ಅಲ್ಲಿ ಕುರಿಮಂದೆ ನಿಲ್ಲಿಸಿದಳು. ಬಿತ್ತಿದ ಜೋಳ ಮೊಣಕಾಲವರೆಗೆ ಬಂದು ಹಳದಿಯಾಯಿತು. ಕಿತ್ತು ಒಣಗಿಸಿ ದನಗಳಿಗೆ ಹಾಕಿದಳು.

ಕಳೆದ ತಿಂಗಳು ಜೇವರ್ಗಿಯ ಒಂದು ಕಾಲೇಜಿನಲ್ಲಿ ಅಪ್ಪನ ಭಾಷಣವಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವನು ಗುಂಡಿಯ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಕೆಲವರು ಕಣ್ಣೊರೆಸಿಕೊಂಡರು. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಒಬ್ಬ ಹುಡುಗಿ ಕೇಳಿದಳು.

“ಅಕಿನೂ ನನ್ನ ದಾರಿಗೇ ಬಂದಾಳ್ರಿ,” ಎಂದ ಅಪ್ಪ. ಚಪ್ಪಾಳೆ ಬಿತ್ತು.

ಬಸ್ ಸ್ಟ್ಯಾಂಡಿನಿಂದ ಅವ್ವನಿಗೆ ಫೋನ್ ಮಾಡಿ ಅದನ್ನೆಲ್ಲ ಹೇಳಿದೆ. ಅವಳು ಹೊಲದಲ್ಲಿದ್ದಳು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಕುರಿಯವರು ಬಂದಾರ, ಮಂದೆ ಎಲ್ಲಿ ಹಾಕಬೇಕಂತ ಕೇಳಾಕತ್ತಾರ, ಫೋನ್ ಇಡ್ತೇನಿ ಎಂದಳು.