ಬಲಗಡೆಯ ನಾಲ್ಕು ನಟ್ಟು

ನಮ್ಮ ದೋಣಿಕಟ್ಟೆಯಲ್ಲಿ ಕಮಾನಣ್ಣನ ನಿಜವಾದ ಹೆಸರು ಗೊತ್ತಿರುವವರು ಯಾರೂ ಉಳಿದಿಲ್ಲ. ಅವನಿಗೇ ಗೊತ್ತಿದೆಯೋ ಇಲ್ಲವೋ ಎಂದು ನನಗೆ ಅನುಮಾನ. ದೋಣಿ ಹೊತ್ತು ರಸ್ತೆಯಲ್ಲಿ ಹೋಗುವ ಟ್ರೇಲರಿನ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದಕ್ಕೆ ಕಮಾನು ಎನ್ನುತ್ತೇವೆ. ಗುಂಡಿಗಳ ಏಟನ್ನೆಲ್ಲ ತಾನು ತಿಂದು ದೋಣಿಗೆ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಉಪ್ಪುನೀರು ಪಟ್ಟಿಗಳ ನಡುವೆ ಹೊಕ್ಕು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ಈ ಕಾಯಿಲೆಗೆ ನಮ್ಮಲ್ಲಿದ್ದ ಒಬ್ಬನೇ ವೈದ್ಯ ಕಮಾನಣ್ಣ. ಜೀವಮಾನವಿಡೀ ಟ್ರೇಲರುಗಳ ಕೆಳಗೆ ಅಂಗಾತ ಮಲಗಿ, ಆಕಾಶಕ್ಕಿಂತ ಆಕ್ಸಲನ್ನೇ ಹೆಚ್ಚು ನೋಡಿದವನು. ಅವನ ಅಂಗಿಯಿಂದ ಉದುರಿದ ತುಕ್ಕನ್ನು ಕೂಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಹಡಗು ಕಟ್ಟಬಹುದಿತ್ತು.

ಹೆಂಡತಿ ಸಿಕ್ಕಿದ್ದೂ ಟ್ರೇಲರಿನ ಕೆಳಗಿನಿಂದಲೇ. ಅವಳ ಅಪ್ಪನ ಗಾಡಿ ರಿಪೇರಿಗೆ ಬಂದಾಗ ಇವನು ವಾರಗಟ್ಟಲೆ ನೋಡಿದ್ದು ಅವಳ ಚಪ್ಪಲಿಯನ್ನು ಮಾತ್ರ, ಮುಖ ನೋಡಿದ್ದು ಮದುವೆ ಗೊತ್ತಾದ ಮೇಲೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅತ್ತಿಗೆ ಸಿಟ್ಟಾಗುತ್ತಿರಲಿಲ್ಲ. "ಚಪ್ಪಲಿ ಚೆನ್ನಾಗಿತ್ತು ಬಿಡಿ, ಅದಕ್ಕೇ ಒಪ್ಕೊಂಡ್ರು" ಅನ್ನುತ್ತಿದ್ದಳು.

ಅವನ ಕೆಲಸಕ್ಕೊಂದು ಪದ್ಧತಿಯಿತ್ತು. ಕಮಾನನ್ನು ಎರಡು ಗಾಲಿಗಳ ನಡುವಿನ ಆಕ್ಸಲಿಗೆ ಅಪ್ಪಿ ಹಿಡಿಯುವುದು ಯು ಆಕಾರದ ಬೋಲ್ಟುಗಳು. ಒಂದೊಂದು ಕಡೆಗೆ ಎರಡು ಬೋಲ್ಟು, ನಾಲ್ಕು ನಟ್ಟು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ನಟ್ಟು ಕದಲಿದರೆ ಗೆರೆ ತಪ್ಪುತ್ತದೆ, ದಾರಿಯಲ್ಲಿ ಬಗ್ಗಿ ನೋಡಿದರೂ ಸಾಕು, ಗೊತ್ತಾಗುತ್ತದೆ. ಕಟ್ಟೆಯ ಜನ ದೇವರನ್ನು ನಂಬದಿದ್ದರೂ ಆ ಗೆರೆಯನ್ನು ನಂಬುತ್ತಿದ್ದರು. ಬಿಗಿ ಮಾಡದೆ ಗೆರೆ ಎಳೆಯುವುದು ಕಮಾನಣ್ಣನ ಲೆಕ್ಕದಲ್ಲಿ ಕೊಲೆಗಿಂತ ಒಂದು ಕೈ ಮೇಲಿನ ಪಾಪ.

ಈ ವರ್ಷ ಅತ್ತಿಗೆ ಹೋಗಿಬಿಟ್ಟಳು. ಬೆಳಿಗ್ಗೆ ಬಟ್ಟೆ ಒಣಹಾಕಿದವಳು ಮಧ್ಯಾಹ್ನ ಅವನ್ನು ತೆಗೆಯಲು ಇರಲಿಲ್ಲ.

ಕಮಾನಣ್ಣ ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಕೊಟ್ಟರೆ ತಿಂದ, ಕೊಡದಿದ್ದರೆ ಕೇಳಲಿಲ್ಲ. ಸುಡುವ ಲೋಟವನ್ನು ಬರಿಗೈಲಿ ಹಿಡಿದುಕೊಂಡೇ ಕೂತಿರುತ್ತಿದ್ದ. ಮಗಳು ಬಂದು ಕಿತ್ತುಕೊಳ್ಳಬೇಕು. ಪಕ್ಕದ ಹಗ್ಗದಂಗಡಿಯವನಾದ ನಾನು ನನ್ನಲ್ಲಿದ್ದ ಒಳ್ಳೊಳ್ಳೆಯ ಸುಳ್ಳುಗಳನ್ನೆಲ್ಲ ಅವನ ಮೇಲೆ ಖರ್ಚು ಮಾಡಿದೆ. "ನಿನ್ನೆ ತಿಮಿಂಗಿಲ ಒಂದು ಅಂಗಡಿ ಬಾಗಿಲಿಗೆ ಬಂದು ಹಗ್ಗ ಕೇಳ್ತು ಕಣೋ" ಅಂದೆ.

"ಕೊಟ್ಯಾ?" ಎಂದ. ಅಷ್ಟೇ.

ಮಾತಾಡಿಸಲು ಬಂದವರೆಲ್ಲ ಕೇಳುವುದು ಒಂದೇ: ಸುದ್ದಿ ಬಂದಾಗ ನೀವೆಲ್ಲಿದ್ರಿ? ಅವನ ಉತ್ತರವೂ ಒಂದೇ, ರೈಲು ನಿಲ್ದಾಣದ ಮೈಕಿನ ದನಿಯಲ್ಲಿ: "ಮಗಳ ಟ್ರೇಲರ್ ಕೆಳಗಿದ್ದೆ. ಎಡಗಡೆ ಬಿಗಿ ಮಾಡಿ ಮುಗಿದಿತ್ತು. ಬಲಗಡೆ ನಟ್ಟು ಬೆರಳಲ್ಲಿ ಕೂರಿಸ್ತಾ ಇದ್ದೆ. ಫೋನ್ ಬಂತು." ಬಂದವರು ಅಯ್ಯೋ ಅನ್ನುತ್ತಿದ್ದರು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಮೊನ್ನೆ ಬೆಳಿಗ್ಗೆ ಮಗಳು, ಅಳಿಯ ತಮ್ಮ ಕಾರಿನ ಹಿಂದೆ ಅದೇ ಟ್ರೇಲರ್ ಕಟ್ಟಿ, ದೋಣಿ ಏರಿಸಿಕೊಂಡು ಹೊರಟರು. ಬೆಟ್ಟದಾಚೆಯ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ಸುತ್ತಾಡಿಸುವ ಹೊಸ ಕೆಲಸ ಅವರದು. ಇವನು ಗೇಟಿನಲ್ಲಿ ನಿಂತು, ಯಾರೋ ಕೀಲಿ ಕೊಟ್ಟಂತೆ, ಕೈ ಎತ್ತಿ ಇಳಿಸಿದ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ನನ್ನ ಅಕ್ಕ ಅವನನ್ನು ಮಾತಾಡಿಸಲು ಅವನ ಮನೆಗೆ ಬಂದಳು. ದೂರದ ಊರಿನವಳು, ಮೇಲಾಗಿ ಮಂಡಿನೋವು. ತನ್ನ ಮದುವೆಗೇ ತಡವಾಗಿ ಬಂದವಳು ಸಾವಿಗೆ ಹೊತ್ತಿಗೆ ಸರಿಯಾಗಿ ಬಂದಾಳೆಯೇ? ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು, ಅವಳೂ ಅದನ್ನೇ ಕೇಳಿದಳು. ಇವನೂ ಅದನ್ನೇ ಹೇಳಿದ. ಅಕ್ಕ ಅಯ್ಯೋ ಅನ್ನಲಿಲ್ಲ.

"ಮತ್ತೆ ಆ ಬಲಗಡೇದು ಆಮೇಲೆ ಯಾರಪ್ಪಾ ಬಿಗಿ ಮಾಡಿದ್ದು?" ಎಂದಳು.

ಕಮಾನಣ್ಣ ತನ್ನ ಕೈ ನೋಡಿಕೊಂಡ.

"ಗೆರೆ ಎಳೆದಿದ್ದೀನಿ" ಎಂದ. "ಶೆಡ್ಡಿಗೆ ವಾಪಸ್ ಬಂದ ದಿನ. ನಟ್ಟು ಕೂತಿತ್ತು, ಬಣ್ಣದ ಡಬ್ಬಿ ಅಲ್ಲೇ ಇತ್ತು. ನಾಲ್ಕಕ್ಕೂ ಎಳೆದೆ."

"ಸ್ಪ್ಯಾನರ್ ಹಾಕಿದ್ಯೇನೋ?" ಅಂದೆ.

"ನೆನಪಿಲ್ಲ."

ಅದೇ ಮೈಕಿನ ದನಿ. ನನ್ನ ತಲೆಯಲ್ಲಿ ಉಳಿದಿರುವ ಏಳೆಂಟು ಕೂದಲೂ ಎದ್ದು ನಿಂತವು.

"ನಾನೇನಾದ್ರೂ ಕೇಳಬಾರದ್ದು ಕೇಳಿದ್ನಾ?" ಎಂದಳು ಅಕ್ಕ.

"ಇಲ್ಲ ಮಾರಾಯ್ತಿ, ಇಷ್ಟು ಜನ ಬಂದ್ರಲ್ಲ, ಕೇಳಬೇಕಾದ್ದು ಕೇಳಿದವಳು ನೀನೊಬ್ಬಳೇ" ಎಂದು ಕಾರಿನ ಕೀಲಿ ತೆಗೆದುಕೊಂಡೆ. ಅವನು ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಹತ್ತಿದ.

ಮಗಳು ಫೋನ್ ಎತ್ತಲಿಲ್ಲ. ಗಾಡಿ ಓಡಿಸುವಾಗ ಎತ್ತಬಾರದೆಂದು ಕಲಿಸಿದವನು ಇವನೇ. ಅಳಿಯ ಸೀಟಿಗೆ ಬೆನ್ನು ತಾಗಿದರೆ ಸಾಕು, ಭೂಕಂಪವಾದರೂ ಏಳುವ ಜಾತಿಯಲ್ಲ. ನನ್ನ ಕಾರೋ, ಆಮೆಗಳು ಹಾರ್ನ್ ಹೊಡೆದು ಮುಂದೆ ಹೋಗುವಂಥದ್ದು. ಒಂದೇ ಆಸೆಯೆಂದರೆ ಬೆಟ್ಟದ ನೆತ್ತಿ. ಇಳಿಜಾರು ಶುರುವಾಗುವ ಮೊದಲು ಅಲ್ಲಿ ನಿಲ್ಲಿಸಿ, ಗಾಲಿಯ ನಡುಭಾಗ ಎಷ್ಟು ಬಿಸಿಯಾಗಿದೆಯೆಂದು ಅಂಗೈಯ ಹಿಂಬದಿ ತಾಗಿಸಿ ನೋಡಿ, ಆರಿದ ಮೇಲೆ ಹೊರಡಬೇಕು ಎಂಬುದೂ ಇವನು ಕಲಿಸಿದ್ದೇ.

"ಬಿಗಿ ಇಲ್ದಿದ್ರೆ ಏನಾಗುತ್ತೆ?" ಎಂದು ಕೇಳಿದೆ.

"ಆಕ್ಸಲ್ ಜಾರುತ್ತೆ. ಗಾಲಿ ಓರೆಯಾಗುತ್ತೆ. ಇಳಿಜಾರಲ್ಲಿ ದೋಣಿ ಓಲಾಡಿ ಕಾರನ್ನೂ ಎಳ್ಕೊಂಡು ಹೋಗುತ್ತೆ."

"ಹೆದರಿಕೆ ಆಗ್ತಿಲ್ವೇನೋ ನಿಂಗೆ?"

ಕಿಟಕಿಯಾಚೆ ನೋಡುತ್ತ ಯೋಚಿಸಿದ. "ಆಗ್ಬೇಕು ಅಂತ ಗೊತ್ತು" ಎಂದ.

ನೆತ್ತಿಯಲ್ಲಿ ನೀಲಿ ದೋಣಿ ಕಂಡಿತು. ಮಗಳು ಆಗಲೇ ಸ್ಟೇರಿಂಗ್ ಮುಂದೆ ಕೂತು ಬೆಲ್ಟ್ ಎಳೆಯುತ್ತಿದ್ದಳು. ನಾನು ಹಾರ್ನ್ ಒತ್ತಿದೆ, ಅದು ಕೆಮ್ಮಿತು. ಅಷ್ಟಕ್ಕೇ ತಿರುಗಿ ನೋಡಿದಳು, ಪುಣ್ಯಾತ್ಗಿತ್ತಿ.

"ಅಪ್ಪಾ? ಏನಾಯ್ತು? ನಾನು ಎಲ್ಲಾ ನೋಡ್ದೆ, ಗಾಲಿ ಬಿಸಿ ಇಲ್ಲ, ಗೆರೆ ಒಂದೂ ತಪ್ಪಿಲ್ಲ."

ಅವನು ಉತ್ತರ ಕೊಡದೆ ಬಲಗಡೆಯ ಗಾಲಿಯ ಹಿಂದೆ ತೂರಿಕೊಂಡ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಒಣಗಿದ ಬಣ್ಣ ಚಟ್ಟೆಂದು ಬಿಟ್ಟು, ನಟ್ಟು ಬಾಟಲಿಯ ಮುಚ್ಚಳದಂತೆ ತಿರುಗಿತು. ಎರಡನೆಯದೂ ಹಾಗೆಯೇ. ಆಕ್ಸಲ್ ಕಮಾನಿನ ಮೇಲೆ ಹೆಬ್ಬೆರಳಗಲ ಸರಿದಿತ್ತು. ನಾಲ್ಕನ್ನೂ ಅಲ್ಲಿ ಹಿಡಿದುಕೊಂಡಿದ್ದದ್ದು ಬಣ್ಣ ಮಾತ್ರ.

ಅಳಿಯ ಎದ್ದು ಬಂದು ನೋಡಿ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ. ಮಗಳು ಕೆಳಗಿನ ತಿರುವುಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನು ಜಾಕಿ ಕೊಟ್ಟು, ಆಕ್ಸಲನ್ನು ಜಾಗಕ್ಕೆ ತಳ್ಳಿ, ಒಂದೊಂದೇ ನಟ್ಟು ಬಿಗಿ ಮಾಡಿದ. ಅವಸರವಿಲ್ಲ, ನಡುಕವಿಲ್ಲ. ಗೆಣ್ಣು ತರಚಿ ರಕ್ತ ಬರುತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ.

ಮುಗಿದ ಮೇಲೆ ಸ್ಪ್ಯಾನರನ್ನು ಮಗಳ ಕೈಗೆ ಕೊಟ್ಟ. "ನೀನು ಎಳೆದು ನೋಡು. ನನ್ನ ಕೈ ನಂಬಬೇಡ. ಎಂಟನ್ನೂ ನೋಡು."

ಅವಳು ಮೂಗು ಒರೆಸಿಕೊಂಡು ಎರಡೂ ಕಡೆ ಎಳೆದು ನೋಡಿದಳು. "ಕದಲಲ್ಲ ಅಪ್ಪ."

"ಐವತ್ತು ಕಿಲೋಮೀಟರ್ ಆದ್ಮೇಲೆ ನಿಲ್ಸಿ ಮತ್ತೆ ಎಳೀಬೇಕು. ಓಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತೆ."

"ನೀನೇ ಬಾ ಹಾಗಾದ್ರೆ" ಎಂದಳು ಮಗಳು. "ಮನೇಲಿ ಯಾರಿದಾರೆ?"

ಮನೆಯಲ್ಲಿ ನನ್ನಕ್ಕ ಇದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ಅದೇ ಮೊದಲು.

ಅಳಿಯ ಮುಂದಿನ ಬಾಗಿಲು ತೆಗೆದ. "ಮಾವ, ನೀವು ಇಲ್ಲಿ ಕೂತ್ಕೊಳ್ಳಿ, ಆರಾಮಾಗಿರುತ್ತೆ."

"ಬೇಡ. ಹಿಂದೆ ಕೂತ್ರೆ ಗಾಲಿ ಕಾಣುತ್ತೆ."

ಹಿಂದಿನ ಸೀಟಿನ ಲೈಫ್ ಜಾಕೆಟ್ಟುಗಳನ್ನು ಸರಿಸಿ, ಮಂಡಿಯೂರಿ, ಹಿಂಬದಿಯ ಗಾಜಿನ ಕಡೆಗೆ ಮುಖ ಮಾಡಿ ಕೂತ. ಅವರ ಕಾರು ಮೊದಲ ತಿರುವಿಗೆ ಇಳಿಯಿತು. ಒಳಗಿದ್ದ ಮೂವರಲ್ಲಿ ಇಬ್ಬರು ಮುಂದೆ ನೋಡುತ್ತಿದ್ದರು.