ನೀಲಿ ಏಡಿಯ ಬಾಣಂತನ

ನಮ್ಮದು ಮೀನು ಮುಟ್ಟದ ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ನಡುಮನೆಯಲ್ಲಿ ಎರಡು ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದರೆ ಕೊಳ್ಳೇಗಾಲದ ನಮ್ಮ ಬೀದಿ ಸುಮ್ಮನಿದ್ದೀತೇ? “ಟೀಚರಮ್ಮ ಬಾಗ್ಲು ಆಕಂಡು ಸಾರು ಮಾಡ್ತರೆ ಕಣ್ರಿ,” ಎಂದು ಎದುರು ಮನೆಯಾಕೆ ನನ್ನ ಮುಂದೆಯೇ ನಗುತ್ತಿದ್ದಳು. ಮದುವೆ ಬೇಡವೆಂದು ಐವತ್ತು ದಾಟಿದವಳಿಗೆ ಇಷ್ಟಾದರೂ ಹುಚ್ಚು ಬೇಡವೇ ಎಂದು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೌದಳ್ಳಿಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಬೆಳಿಗ್ಗೆ ಹನೂರಿನ ಬಸ್ಸು ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆಗೆ. ಮನೆಯಲ್ಲಿರುವುದು ನಾನು ಮತ್ತು ಅವ್ವ, ಇಬ್ಬರೇ.

ಒಂದು ತೊಟ್ಟಿಯಲ್ಲಿ ಹಾವುಮೀನು. ಅದು ಸಿಕ್ಕಿದ್ದು ಯಳಂದೂರಿನ ಕಡೆ, ಸುವರ್ಣಾವತಿ ಹೊಳೆಯಲ್ಲಿ ಬಲೆ ಬಿಡುವ ಮುದುಕರೊಬ್ಬರ ಹತ್ತಿರ. ಗೇಣುದ್ದದ, ಚೂಪು ಮೂತಿಯ ಆ ಮೀನನ್ನು ಅವರು ಬಲೆಯಿಂದ ಬಿಡಿಸಿ ಪಕ್ಕಕ್ಕೆ ಎಸೆದಿದ್ದರು. ನನಗೆ ಕೊಡಿ ಎಂದೆ.

“ಇದರಲ್ಲಿ ಏನದೆ ಅಂತ ತಕಂಡೋಯ್ತೀರವ್ವಾ? ಬರೀ ಮುಳ್ಳು.”

“ತಿನ್ನಕ್ಕಲ್ಲ, ನೋಡಕ್ಕೆ.”

“ನೋಡಕ್ಕಾ?” ಎಂದು ಅವರು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

ಇನ್ನೊಂದು ತೊಟ್ಟಿಯಲ್ಲಿ ಮೈಸೂರಿನ ಅಂಗಡಿಯಿಂದ ತಂದ ಕ್ರೇಫಿಶ್. ಹೆಸರಿಗೆ ಫಿಶ್, ಮೀನಲ್ಲ. ಏಡಿಯಂತೆ ಎರಡು ಕತ್ತರಿಗಾಲು, ಸಿಗಡಿಯಂತೆ ಬಾಲ, ಮೈಯೆಲ್ಲ ನೀಲಿ. ಅವ್ವ ಮೊದಲು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಪೂಜೆಗೆ ಕೂರುವ ಮುಂಚೆ ತೊಟ್ಟಿಯ ಮೇಲೆ ಹಳೇ ಸೀರೆ ಎಳೆದುಬಿಡುತ್ತಿದ್ದಳು. ಒಂದು ದಿನ ನಾನು ಬೇಯಿಸಿದ ಕ್ಯಾರೆಟ್ಟಿನ ತುಂಡು ಹಾಕಿದೆ. ಅದು ಎರಡೂ ಕೈಯಲ್ಲಿ ಹಿಡಿದು ತಿನ್ನುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಇದು ನಮ್ ಜಾತಿದೇ ಕಣ್ ಕೂಸು, ತರಕಾರಿ ತಿಂತದೆ.”

ಹಿಂದಿನ ವಾರವಷ್ಟೇ ಅದು ಒಂದು ಪುಟ್ಟ ಮೀನನ್ನು ಬಾಲಸಮೇತ ಮುಗಿಸಿದ್ದನ್ನು ನಾನು ಹೇಳಲಿಲ್ಲ. ಮಂಡಿನೋವಿನಿಂದ ಹೊಸಿಲು ದಾಟುವುದನ್ನೇ ಬಿಟ್ಟಿದ್ದ ಅವ್ವನಿಗೆ ಅದೊಂದು ಜೊತೆಯಾಯಿತು. ಸೊಪ್ಪು ಸೋಸುವುದು ತೊಟ್ಟಿಯ ಮುಂದೆ, ಎಲೆಅಡಿಕೆ ತೊಟ್ಟಿಯ ಮುಂದೆ. ನಾನು ಚಪ್ಪಲಿ ಬಿಡುವ ಮೊದಲೇ ಅದರ ದಿನಚರಿ ಶುರುವಾಗುತ್ತಿತ್ತು: ಮಧ್ಯಾಹ್ನ ಮಲಗಿತ್ತು, ಆಮೇಲೆ ಎದ್ದು ಕಲ್ಲು ಸರಿಸಿತು, ನನ್ನ ನೋಡಿ ಕೈ ಎತ್ತಿತು. ಇಷ್ಟು ವಿವರವಾಗಿ ಅವಳು ನನ್ನ ಬಗ್ಗೆ ಯಾರಿಗೂ ಹೇಳಿದ್ದಿಲ್ಲ.

ಒಂದು ಬೆಳಿಗ್ಗೆ “ಸತ್ತೋಯ್ತು, ಬಾರವ್ವಾ” ಎಂದು ಕರೆದಳು. ಓಡಿಬಂದು ನೋಡಿದರೆ ಕಲ್ಲಿನ ಮೇಲೆ ಬಿದ್ದಿದ್ದದ್ದು ಬರೀ ಚಿಪ್ಪು. ಪ್ರಾಣಿ ಪೈಪಿನ ತುಂಡಿನೊಳಗೆ ಸೇರಿಕೊಂಡಿತ್ತು. ಬೆಳೆಯುವಾಗ ಹಳೇ ಚಿಪ್ಪು ಕಳಚುತ್ತದೆ, ಹೊಸದು ಗಟ್ಟಿಯಾಗುವವರೆಗೆ ಮೈ ಮೆತ್ತಗಿರುತ್ತದೆ, ಮೂಲೆ ಬಿಟ್ಟು ಬರುವುದಿಲ್ಲ ಎಂದು ವಿವರಿಸಿದೆ.

“ಅಂಗಾದ್ರೆ ಇದೀಗ ಬಾಣಂತಿ,” ಎಂದಳು ಅವ್ವ.

ನಾನು ನಕ್ಕು ಹೂಂ ಎಂದೆ. ಆ ಹೂಂ ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮರುದಿನದಿಂದ ನನಗೆ ಮಾರ್ಟಳ್ಳಿಯಲ್ಲಿ ಪರೀಕ್ಷೆಯ ಕೆಲಸ. ಮೂರು ದಿನ ಅಲ್ಲೇ ಸಹೋದ್ಯೋಗಿಯ ಮನೆಯಲ್ಲಿ ಉಳಿಯಬೇಕಿತ್ತು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇರುತ್ತದೆ, ಒಂದು ದಿನ ನಿಂತ ನೀರನ್ನೇ ಸ್ವಲ್ಪ ಸ್ವಲ್ಪ ಹಾಕು ಎಂದು ಅವ್ವನಿಗೆ ಹೇಳಿ ಹೊರಟೆ. ಯಾವುದರಲ್ಲಿ ನಿಂತ ನೀರು ಎಂದು ಹೇಳಲಿಲ್ಲ. ನಾನು ಯಾವಾಗಲೂ ತುಂಬಿಸುವ ಪ್ಲಾಸ್ಟಿಕ್ ಡ್ರಮ್ಮು ಬಚ್ಚಲಲ್ಲೇ ಇತ್ತಲ್ಲ.

ಮೂರನೆಯ ದಿನ ಸಂಜೆ ಬಂದೆ. ಕ್ರೇಫಿಶ್ ಅಂಗಾತ ಬಿದ್ದಿತ್ತು. ಕಾಲುಗಳು ಒಂದೊಂದಾಗಿ ಅದುರುತ್ತಿದ್ದವು. ಅವ್ವ ಮಾತ್ರ ಬೀಗುತ್ತಿದ್ದಳು.

“ಆ ಪ್ಲಾಸ್ಟಿಕ್ಕಿನ ನೀರ ಬಾಣಂತಿಗೆ ಕೊಟ್ಟಾರಾ? ಅಟ್ಟದಿಂದ ಅಂಡೆ ಇಳ್ಸುದೆ.”

ನಮ್ಮ ಕಡೆ ಬಾಣಂತಿಗೆ ಕುಡಿಯಲು, ಮೀಯಲು ತಾಮ್ರದ ಹಂಡೆಯ ನೀರೇ. ನಾನು ಹುಟ್ಟಿದಾಗ ಅವಳಿಗೆ ನೀರು ಕಾಸಿದ್ದೂ ಅದರಲ್ಲೇ. ಆ ಮಂಡಿಯಲ್ಲಿ ಅದನ್ನು ಹೇಗೆ ಇಳಿಸಿದಳೋ. ಹುಣಸೆಹಣ್ಣು ಹಾಕಿ ಥಳಥಳ ಬೆಳಗಿ, ರಾತ್ರಿಯೆಲ್ಲ ನೀರು ನಿಲ್ಲಿಸಿ, ಮರುದಿನದಿಂದ ಚೊಂಬಿನಲ್ಲಿ ಮೊಗೆದು ಹಾಕುತ್ತಲೇ ಇದ್ದಳು.

ಹಿತ್ತಿಲಿಗೆ ಹೋಗಿ ಮೈಸೂರಿನ ಅಂಗಡಿಯವನಿಗೆ ಫೋನು ಮಾಡಿದೆ. ಹಂಡೆ ಎನ್ನುತ್ತಲೇ ಅವನು ನನ್ನ ಮಾತು ತಡೆದ.

“ತಾಮ್ರ ಇದರ ಜಾತಿಗೆ ವಿಷ ಮೇಡಂ. ಮೀನಾದ್ರೆ ಒಂದಿಷ್ಟು ತಡ್ಕೊಳ್ಳುತ್ತೆ. ನೀರು ಬದಲಾಯಿಸಿ ನೋಡಿ. ಚಿಪ್ಪು ಕಳಚಿದ್ದು ಉಳಿಯೋದು ಕಷ್ಟ.”

ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ ಎಂದು ಪ್ರತಿ ವರ್ಷ ಮಕ್ಕಳ ಮುಂದೆ ಚೊಂಬು ಬೆಳಗಿ ತೋರಿಸುವವಳು ನಾನು. ತಾಮ್ರ ನೀರಿಗೂ ಇಳಿಯುತ್ತದೆ, ಆ ನೀರು ಕುಡಿದವರ ಗತಿಯೇನು ಎಂದು ಒಂದು ಮಗುವೂ ಕೇಳಿಲ್ಲ, ನಾನೂ ಯೋಚಿಸಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ತೊಟ್ಟಿಯ ನೀರು ಚೆಲ್ಲಿ, ಡ್ರಮ್ಮಿನಲ್ಲಿದ್ದ ನೀರನ್ನೆಲ್ಲ ಬಳಿದು ತುಂಬಿದೆ. ಕಾಲುಗಳ ಅದುರು ಕಮ್ಮಿಯಾಯಿತು. ಅದು ಸುಧಾರಿಸಿದ್ದೋ ಸೋತಿದ್ದೋ ನನಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಸುಮ್ಮನಿರಲಾರದೆ ದನದ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಅವರು ಚಿತ್ರವನ್ನು ಹಿಗ್ಗಿಸಿ, ತಿರುಗಿಸಿ ನೋಡಿ, “ಎಮ್ಮೆ, ಮೇಕೆ ಆಗಿದ್ರೆ ಬಂದು ನೋಡ್ತಿದ್ದೆ ಮೇಡಂ. ಇದಕ್ಕೆ ಸೂಜಿ ಎಲ್ಲಿ ಚುಚ್ಚಲಿ?” ಎಂದರು. ಆಡಿಕೊಂಡದ್ದಲ್ಲ, ಅವರಿಗೂ ನಿಜವಾಗಿ ಬೇಜಾರಾಗಿತ್ತು. ಮನೆಗೆ ಬರುವಷ್ಟರಲ್ಲಿ ಅದು ಸತ್ತಿತ್ತು. ಅವ್ವ ಸೊಪ್ಪಿನ ಕಟ್ಟು ಬಿಚ್ಚದೆ ತೊಟ್ಟಿಯ ಮುಂದೆ ಕೂತಿದ್ದಳು.

“ನಾನೇನಾರ ತಪ್ಪು ಮಾಡಿದ್ನಾ ಕೂಸು?”

“ಇಲ್ಲ ಕಣವ್ವ. ಅದರ ಆಯಸ್ಸೇ ಅಷ್ಟು.”

ನಾಲಿಗೆ ಉದ್ದ ಎಂದು ಶಾಲೆಯಲ್ಲಿ ಹೆಸರಾದವಳು ನಾನು. ಆದರೆ ಅವಳ ಮುಂದೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದರೆ ಸತ್ತದ್ದೇನೂ ಎದ್ದು ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವ್ವ ಅದನ್ನು ತುಳಸಿಕಟ್ಟೆಯ ಪಕ್ಕದಲ್ಲಿ ಮಣ್ಣು ಮಾಡಿಸಿದಳು. ಮೇಲೆ ಚಿಟಿಕೆ ವಿಭೂತಿಯನ್ನೂ ಉದುರಿಸಿದಳು.

ಭಾನುವಾರ ನಾನು ಹಾವುಮೀನಿನ ತೊಟ್ಟಿಯಿಂದ ಕೊಳೆ ನೀರು ತೆಗೆಯುತ್ತಿದ್ದೆ. ಅವ್ವ ಅಡುಗೆಮನೆಯಿಂದ ತುಂಬಿದ ಚೊಂಬು ಹಿಡಿದು ಕುಂಟುತ್ತಾ ಬಂದಳು.

“ಇದಾದ್ರೂ ಚೆಂದಾಗಿರ್ಲಿ. ಅಂಡೆ ನೀರೇ ಉಯ್ತೀನಿ.”

ಚೊಂಬು ಬಾಗಿಸಿದಳು. ನನಗೇ ತಿಳಿಯದಂತೆ ನನ್ನ ಕೈ ಹೋಗಿ ಅವಳ ಮಣಿಕಟ್ಟು ಹಿಡಿಯಿತು. ಅವ್ವ ನನ್ನ ಮುಖ ನೋಡಿದಳು, ಚೊಂಬು ನೋಡಿದಳು. ಅದನ್ನು ಅವಳಿಂದ ತೆಗೆದುಕೊಳ್ಳಲು ನಾನು ಎಳೆಯಬೇಕಾಗಲಿಲ್ಲ.

ಖಾಲಿ ತೊಟ್ಟಿಯ ಕಡೆ ತಿರುಗಿ, ನನಗಲ್ಲ ಎಂಬಂತೆ ಹೇಳಿದಳು: “ಅದು ಕಾಲು ಆಡುಸ್ತಿತ್ತು ಕಣವ್ವ. ನೀರು ಒಗ್ತು ಅನ್ಕಂಡು ಇನ್ನೊಂದು ಚೊಂಬು ಉಯ್ದೆ.”