ಕಂಡಕ್ಟರ್ ಮಾವ ರಜೆ ಹಾಕಿದ್ದು

ನಮ್ಮ ಸೋದರಮಾವನ ಕಥೆ ಹೇಳಬೇಕೆಂದರೆ ಬಸ್ಸಿನ ಹಿಂಬಾಗಿಲಿನಿಂದಲೇ ಹತ್ತಬೇಕು. ಅವನು ನಿಲ್ಲುತ್ತಿದ್ದದ್ದು ಅಲ್ಲಿಯೇ. ಒಂದು ಕೈ ಮೇಲಿನ ಸರಳಿನಲ್ಲಿ, ಇನ್ನೊಂದರಲ್ಲಿ ಟಿಕೆಟ್ಟಿನ ಕಟ್ಟು, ಬಾಯಲ್ಲಿ ಸೀಟಿ. ಸೀಟಿ ತೆಗೆದರೆ ಮಾತು. ಗುಡ್ಡದ ಮೇಲಿನ ಹಳ್ಳಿಗಳಲ್ಲಿ ರಾತ್ರಿ ತಂಗಿ, ಮೊದಲ ಬೆಳಕಿಗೆ ಕೆಳಗಿಳಿಯುತ್ತಿದ್ದ ಬಸ್ಸು ಅವನದು. ಹಾಲಿನ ಕ್ಯಾನು, ಆಸ್ಪತ್ರೆಗೆ ಹೊರಟ ಮುದುಕಿಯರು, ಕಾಲೇಜಿಗೆ ಹೋಗುವ ಹುಡುಗಿಯರು, ಎಲ್ಲರೂ ಅದರಲ್ಲೇ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಹಸು ಕರು ಹಾಕಿತು ಎಂಬ ಸುದ್ದಿಯೂ ಅದರಲ್ಲೇ ಇಳಿದು ಬರುತ್ತಿತ್ತು. ಗುಡ್ಡದ ಕೆಳಗಿನ ನಮ್ಮ ನಿಲ್ದಾಣದಲ್ಲಿ ನಾನು ಹತ್ತುವ ಹೊತ್ತಿಗೆ ಬಸ್ಸಿನ ಹೊಟ್ಟೆ ತುಂಬಿರುತ್ತಿತ್ತು. "ಒಳಗೆ ಹೋಗಿ, ಒಳಗೆ ಹೋಗಿ, ಬಸ್ಸು ಹೊರಗಿಂದ ಚಿಕ್ಕದು, ಒಳಗಿಂದ ದೊಡ್ಡದು" ಎಂದು ಮಾವ ಕೂಗುತ್ತಿದ್ದ. ಆ ಮಾತನ್ನು ನಂಬಿ ಜನ ಇನ್ನಷ್ಟು ಒತ್ತಿಕೊಳ್ಳುತ್ತಿದ್ದರು.

ಒಂದು ದಿನ ಆ ಬಸ್ಸು ನಿಂತುಹೋಯಿತು. ನಷ್ಟ ಎಂದರು ಡಿಪೋದವರು. ಮಾವನನ್ನು ಪೇಟೆಯ ದಾರಿಗೆ ಹಾಕಿದರು. ಮೇಲಿನ ಹಳ್ಳಿಗಳ ಹುಡುಗಿಯರು ಮೊದಮೊದಲು ನಡೆದು ಬಂದರು, ಆಮೇಲೆ ಒಬ್ಬೊಬ್ಬರಾಗಿ ಕಾಲೇಜು ಬಿಟ್ಟರು. ನನ್ನ ಪಕ್ಕದ ಜಾಗಗಳು ಖಾಲಿಯಾಗುತ್ತಾ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮ ಕ್ಷೇತ್ರದ ಶಾಸಕರಿಗೆ ಜನ ಇಟ್ಟಿದ್ದ ಹೆಸರು ಆಗಲಿ ಸಾಹೇಬರು. ರಸ್ತೆ ಕೇಳಿದರೂ "ಆಗಲಿ", ನೀರು ಕೇಳಿದರೂ "ಆಗಲಿ". ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎಂದವರಲ್ಲ. ಹಾಗೆಂದೇ ಏನೂ ಆಗುತ್ತಿರಲಿಲ್ಲ. ಮಾವ ಮೇಲಿನ ಹಳ್ಳಿಯವರನ್ನು ಕಟ್ಟಿಕೊಂಡು ಅವರ ಮನೆಗೆ ಎಡತಾಕಿದ. ಪ್ರತಿ ಸಲವೂ ಕುರ್ಚಿ ಹಾಕಿಸಿ, ಚಹಾ ಕೊಟ್ಟು, "ಆಗಲಿ" ಎಂದು ಕಳಿಸಿದರು. ಕೊನೆಯ ಸಲ ಬಂದವನು ಚಪ್ಪಲಿ ಬಿಡುತ್ತಲೇ ಅತ್ತೆಗೆ ಹೇಳಿದನಂತೆ, "ಇವರ ಚಹಾ ಕುಡಿದು ಕುಡಿದು ನಾಲಿಗೆ ಸತ್ತುಹೋಯ್ತು ಕಣೆ. ಈ ಸಲ ಎಲೆಕ್ಷನ್ನಿಗೆ ನಾನೇ ನಿಲ್ತೀನಿ."

ನಿಲ್ಲಬೇಕಾದರೆ ನೌಕರಿ ಬಿಡಬೇಕು. ಬಿಟ್ಟ. ಡಿಪೋಗೆ ಹೋಗಿ ರಾಜೀನಾಮೆ ಬರೆದುಕೊಟ್ಟು, ಸೀಟಿಯನ್ನೂ ಒಪ್ಪಿಸಿ ಬಂದ. ಇದು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಉಳಿದವರು ಕೇಳಿದರೆ "ರಜೆ ಹಾಕಿದ್ದೀನಿ" ಎನ್ನುತ್ತಿದ್ದ. ಯಾಕೆಂದರೆ ನಮ್ಮ ಅಮ್ಮನ ಭಯ. ಅಮ್ಮ ಅವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ಓದಿಸಿ, ಕಂಡಕಂಡವರ ಕೈಕಾಲು ಹಿಡಿದು ಆ ನೌಕರಿ ಕೊಡಿಸಿದವಳು. ಬಿಟ್ಟೆ ಎಂದರೆ ಬೆನ್ನು ಮುರಿಯುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ಗೆದ್ದ ಮೇಲೆ ಹೇಳಿದರಾಯಿತು, ಗೆದ್ದವನನ್ನು ಯಾರು ಹೊಡೆಯುತ್ತಾರೆ ಎಂಬುದು ಅವನ ಲೆಕ್ಕ.

ಮೊದಲ ಸಭೆಯನ್ನು ನೆನೆದರೆ ಈಗಲೂ ನಗು ತಡೆಯದು. ಮೇಲಿನ ಹಳ್ಳಿಯೊಂದರ ಶಾಲೆಯ ಅಂಗಳದಲ್ಲಿ ಮೇಜು ಜೋಡಿಸಿ ವೇದಿಕೆ ಮಾಡಿದ್ದರು. ಮಾವ ಹತ್ತಿ ನಿಂತ. ಅಲುಗಾಡದ ನೆಲದ ಮೇಲೆ ನಿಂತು ಮಾತಾಡಿ ಅವನಿಗೆ ರೂಢಿಯೇ ಇರಲಿಲ್ಲ. ಕೈ ತಾನಾಗಿ ಮೇಲೆದ್ದು ಇಲ್ಲದ ಸರಳನ್ನು ಹುಡುಕಿತು. ಮೈ ಇಲ್ಲದ ತಿರುವಿಗೆ ವಾಲಿತು. "ಬಂಧುಗಳೇ" ಎಂದ, ಮುಂದೆ ಮಾತು ಹೊರಡಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಬಾಯಿ ಮುಚ್ಚದ ಮನುಷ್ಯ ಇಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾನೆ.

ಉಪಾಯ ಹೂಡಿದ್ದು ನಮ್ಮ ಬೀದಿಯ ದರ್ಜಿ. ಮಾವನ ಬಾಲ್ಯದ ಗೆಳೆಯ, ಅವನ ಖಾಕಿ ಹೊಲಿಯುತ್ತಿದ್ದವನೂ ಅವನೇ. "ಇವನನ್ನ ಎದುರಿಗೆ ನಿಲ್ಲಿಸಬಾರದು ಕಣ್ರಪ್ಪ, ನಡುವೆ ನಡೆಸಬೇಕು" ಎಂದು ಶಾಲೆಯ ಬೆಂಚುಗಳನ್ನೆಲ್ಲ ಹೊರಗೆಳೆಸಿ, ಎರಡು ಸಾಲು ಹಾಕಿಸಿ, ನಡುವೆ ಓಣಿ ಬಿಡಿಸಿದ. ಜನ ಜೋಡಿ ಜೋಡಿಯಾಗಿ ಕೂತರು. ಮಾವ ಹಿಂದಿನಿಂದ ಒಳಗೆ ಬಂದ. ಬಂದವನೇ, "ಏನಜ್ಜಿ, ಮೊಣಕಾಲು ಹೇಗಿದೆ?" ಎಂದು ಶುರುಮಾಡಿದ.

"ಬಸ್ಸು ನಿಂತ ಮೇಲೆ ಮೊಣಕಾಲೂ ನಿಂತೋಯ್ತು" ಎಂದಳು ಅಜ್ಜಿ.

"ಆಗಲಿ ಸಾಹೇಬರಿಗೆ ಹೇಳಿದ್ಯಾ?"

"ಹೇಳಿದೆ. ಆಗ್ಲಿ ಅಂದ್ರು. ಮೊಣಕಾಲು ನೋವು ಆಗ್ಲಿ ಅಂದ್ರೋ, ಬಸ್ಸು ಆಗ್ಲಿ ಅಂದ್ರೋ, ತಿಳೀಲಿಲ್ಲ."

ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ಓಣಿಯಲ್ಲಿ ನಡೆಯುತ್ತಾ ಒಬ್ಬೊಬ್ಬರ ಭುಜ ಮುಟ್ಟಿ ಮಾತಾಡಿಸಿದ, ಅವರ ಮಾತಿಗೆ ತನ್ನ ಮಾತು ಸೇರಿಸಿದ. ಭಾಷಣ ತಾನಾಗಿ ಮುಗಿದಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಕಂಡಕ್ಟರೇ, ನನ್ನ ಸ್ಟಾಪು ಬಂತು, ಸೀಟಿ ಊದಿ" ಎಂದರು. ಅಂದಿನಿಂದ ಎಲ್ಲ ಊರಲ್ಲೂ ಬೆಂಚು ಹಾಕಿಯೇ ಸಭೆ. ಆ ಹದಿನೈದಿಪ್ಪತ್ತು ದಿನ ನಮ್ಮ ಕಡೆಯ ಜನ ಕೂತಲ್ಲೇ ಪ್ರಯಾಣ ಮಾಡಿದರು. ಅಂಥ ಸಂತೋಷವನ್ನು ನಾನು ಆಮೇಲೆ ಯಾವ ಚುನಾವಣೆಯಲ್ಲೂ ಕಾಣಲಿಲ್ಲ. ಈಗ ಪ್ರಚಾರವೆಂದರೆ ಫೋನಿಗೆ ಬರುವ ಟಿಂಗ್ ಎನ್ನುವ ಸದ್ದು.

ಸಾಹೇಬರ ಕಡೆಯವರಿಗೆ ಬಿಸಿ ತಟ್ಟಿತು. ಜೀಪಿಗೆ ಮೈಕು ಕಟ್ಟಿ, "ಈತ ಸರ್ಕಾರಿ ನೌಕರಿಯನ್ನೇ ಬಿಟ್ಟುಬಂದಿದ್ದಾನೆ, ಕೈಯಲ್ಲಿದ್ದದ್ದನ್ನು ಉಳಿಸಿಕೊಳ್ಳದವನು ನಿಮ್ಮನ್ನೇನು ಉಳಿಸುತ್ತಾನೆ" ಎಂದು ಸಾರಿದರು. ಅದು ನಿಜವೇ. ಆದರೆ ಆ ಮೈಕಿನಲ್ಲಿ ಬಂದ ಯಾವ ಮಾತನ್ನು ಜನ ನಂಬಿದ್ದರು, ಇದನ್ನು ನಂಬುವುದಕ್ಕೆ?

ಅಮ್ಮನೂ ನಂಬಲಿಲ್ಲ. ಅವಳ ಚಿಂತೆಯೇ ಬೇರೆ. ಬೆಂಚುಗಳ ನಡುವೆ ಓಡಾಡುವ ತಮ್ಮನನ್ನು ನೋಡಿದಷ್ಟೂ ಅವಳ ಮುಖ ಸಣ್ಣದಾಗುತ್ತಿತ್ತು. ಇವನು ಗೆದ್ದೇಬಿಡುತ್ತಾನೆ, ರಾಜಧಾನಿಗೆ ಹೋಗುತ್ತಾನೆ, ರಜೆ ಮುಗಿದರೂ ಬರುವುದಿಲ್ಲ, ನೌಕರಿ ಹೋಗುತ್ತದೆ. ಅವಳು ಒಂದು ಚೀಲ ಹೆಗಲಿಗೇರಿಸಿಕೊಂಡು, ನೆಂಟರನ್ನು ನೋಡಿ ಬರುತ್ತೇನೆಂದು ಮೇಲಿನ ಹಳ್ಳಿಗಳಿಗೆ ಹೋದಳು. ತಮ್ಮನಿಗಾಗಿ ಓಟು ಕೇಳಲು ಹೋಗಿದ್ದಾಳೆಂದು ನಾವೆಲ್ಲ ಹಿಗ್ಗಿದೆವು.

ಎಣಿಕೆಯ ದಿನ ಕೆಳಗಿನ ಊರುಗಳಲ್ಲಿ ಮಾವ ಮುಂದಿದ್ದ. ಪೇಟೆಯಲ್ಲೂ ಮುಂದಿದ್ದ. ದರ್ಜಿ ಹಾರ ತರಲು ಆಳು ಕಳಿಸಿದ. ಕೊನೆಗೆ ಮೇಲಿನ ಹಳ್ಳಿಗಳ ಪೆಟ್ಟಿಗೆ ತೆರೆದರು. ಯಾರ ಬಸ್ಸಿಗಾಗಿ ಮಾವ ನಿಂತಿದ್ದನೋ, ಆ ಜನವೇ ಕೈಕೊಟ್ಟಿದ್ದರು. ಆಗಲಿ ಸಾಹೇಬರು ಕೂದಲೆಳೆಯಲ್ಲಿ ಗೆದ್ದರು. ಮಾವ ಹೊರಗೆ ಬಂದು ಮರದ ಕೆಳಗೆ ಕೂತ. "ಅಲ್ಲಿ ಒಬ್ಬೊಬ್ಬರ ಮುಖವೂ ನನಗೆ ಗೊತ್ತು ಕಣೋ" ಎಂದಷ್ಟೇ ದರ್ಜಿಗೆ ಹೇಳಿದನಂತೆ.

ಸಾಹೇಬರಿಗೆ ಮಾತ್ರ ಎದೆ ನಡುಗಿತ್ತು. ಕೂದಲೆಳೆ ಅವರಿಗೂ ಕಂಡಿತ್ತು. ತಿಂಗಳೊಳಗೆ ಒಂದು ಬೆಳಿಗ್ಗೆ ಆ ಬಸ್ಸು ಮತ್ತೆ ಗುಡ್ಡ ಹತ್ತಿತು. ಮೇಲಿನ ಹಳ್ಳಿಯವರು ಕ್ಯಾನು, ಚೀಲ, ಹುಡುಗಿಯರನ್ನೆಲ್ಲ ಸಜ್ಜುಮಾಡಿಕೊಂಡು ನಿಂತಿದ್ದರೆ, ಹಿಂಬಾಗಿಲಿನಿಂದ ಇಳಿದವನು ಯಾರೋ ಹೊಸ ಕಂಡಕ್ಟರ್. "ನಮ್ಮವನೆಲ್ಲಿ?" ಎಂದರು. "ಅವರು ರಾಜೀನಾಮೆ ಕೊಟ್ಟು ಎಷ್ಟೋ ದಿನ ಆಯ್ತಲ್ಲ" ಎಂದ ಅವನು.

ಅದೇ ಬಸ್ಸಿನಲ್ಲಿ ಒಂದು ದಂಡೇ ಮಾವನ ಮನೆಯಂಗಳಕ್ಕೆ ಇಳಿಯಿತು. ಮೊಣಕಾಲಿನ ಅಜ್ಜಿ ಎಲ್ಲರಿಗಿಂತ ಮುಂದೆ. ಸದ್ದು ಕೇಳಿ ಅಮ್ಮ, ನಾನು ಪಕ್ಕದಲ್ಲೇ ಇದ್ದ ನಮ್ಮ ಮನೆಯಿಂದ ಓಡಿದೆವು. ತಪ್ಪಾಯಿತು ಎನ್ನಲು ಬಂದಿದ್ದಾರೆ ಎಂದುಕೊಂಡರೆ, ಅವರು ಬಂದದ್ದು ಬೈಯಲು.

"ರಜೆ ಅಂತ ಯಾಕಪ್ಪ ಹೇಳಿದೆ?" ಎಂದಳು ಅಜ್ಜಿ. "ಬಸ್ಸು ಹೇಗೂ ಒಂದಿನ ಬರುತ್ತೆ, ಗೆದ್ರೆ ಇವನು ಅದಕ್ಕೆ ಬರಲ್ಲ, ಸೋತ್ರೆ ಬರ್ತಾನೆ ಅಂತ ನಾವು ಎದೆ ಕಲ್ಲು ಮಾಡ್ಕೊಂಡು ಆ ಸಾಹೇಬಂಗೆ ಹಾಕಿದ್ವಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. "ಚೆನ್ನಾಗಿದೆ ಇದು. ಓಟು ಹಾಕದೋರು ನೀವು, ಬೈಸ್ಕೊಳ್ಳೋರು ನಾವಾ? ಇಂಥ ಬುದ್ಧಿ ಯಾರು ಹೇಳ್ಕೊಟ್ರು ನಿಮಗೆ?"

ಅಜ್ಜಿಯ ಕಣ್ಣು ಮೆಲ್ಲಗೆ ನಮ್ಮ ಅಮ್ಮನ ಕಡೆ ಹೊರಳಿತು.

"ನಾನೇ ಹೇಳಿದ್ದು" ಎಂದಳು ಅಮ್ಮ. "ಮನೆಮನೆಗೆ ಹೋಗಿ ಹೇಳಿದೆ. ಅವನು ರಜೆ ಹಾಕಿದ್ದಾನೆ, ಅವನನ್ನ ನಮಗೆ ವಾಪಸ್ ಕೊಡಿ ಅಂತ. ನಾನೂ ನಿನಗೆ ಓಟು ಹಾಕಲಿಲ್ಲ ಕಣೋ." ಆಮೇಲೆ ದನಿ ಏರಿತು. "ಯಾಕೋ ಮುಚ್ಚಿಟ್ಟೆ ನನ್ನ ಹತ್ರ? ನಾನೇನು ಹುಲಿಯಾ?"

"ಹೌದು" ಎಂದ ಮಾವ.

ಯಾರಿಗೂ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆಗೆ ಮಾತ್ರ ತಿಳಿದಿತ್ತು. "ಅತ್ತಿಗೆ, ಇವರಿಗೆ ಈಗ ಸಂಬಳ ಇಲ್ಲ. ನಾನು ಹೊಲಿಗೆ ಕೆಲಸಕ್ಕೆ ಹೋಗಬೇಕು, ಮಧ್ಯಾಹ್ನ ಮನೇಲಿರಲ್ಲ. ಓಟು ಹಾಕದೋರು ಊಟ ಹಾಕಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಾಗೆ ಮಾವ ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಬರತೊಡಗಿದ. ಅತ್ತೆಯನ್ನು ದರ್ಜಿ ತನ್ನ ಅಂಗಡಿಯಲ್ಲೇ ಯಂತ್ರಕ್ಕೆ ಕೂರಿಸಿದ. ಮುಂದೆ ಮಾವನಿಗೆ ಹಾಲಿನ ಲಾರಿಯಲ್ಲಿ ಕೆಲಸ ಸಿಕ್ಕಿತು, ಅತ್ತೆಯ ಸಿಟ್ಟೂ ಇಳಿಯಿತು. ಆದರೂ ಮಧ್ಯಾಹ್ನದ ಎಲೆ ನಮ್ಮ ಮನೆಯಲ್ಲೇ ಉಳಿಯಿತು. ಅಡುಗೆಮನೆಯ ಗೋಡೆಗೆ ಒರಗಿ ಅವನು ಕೂರುತ್ತಿದ್ದ, ಅಮ್ಮ ಎದುರಿಗೆ ಮಣೆ ಹಾಕಿಕೊಂಡು ಬಡಿಸುತ್ತಿದ್ದಳು. ಕಾಲೇಜಿಲ್ಲದ ದಿನ ನಾನೂ ಅಲ್ಲಿರುತ್ತಿದ್ದೆ. ಕಿಟಕಿಯಿಂದ ಬೀಳುವ ಬಿಸಿಲು ಪಾತ್ರೆಗಳ ಮೇಲೆ ಹೊಳೆಯುತ್ತಿತ್ತು. ಇಬ್ಬರೂ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು, ಚುನಾವಣೆಯ ಮಾತೊಂದನ್ನು ಬಿಟ್ಟು. ಈಗ ಇಬ್ಬರೂ ಇಲ್ಲ. ಆ ಅಡುಗೆಮನೆಯನ್ನೂ ಒಡೆದು ಕಟ್ಟಿಸಿದ್ದೇವೆ. ಅಮ್ಮನ ಸೌಟಿನ ಸದ್ದು ಮಾತ್ರ ಕೆಲವು ಮಧ್ಯಾಹ್ನಗಳಲ್ಲಿ ನನಗೆ ಕೇಳಿಸುವುದುಂಟು.

ಒಮ್ಮೆ ಮಾವನೇ ಕೇಳಿದ. "ಅಕ್ಕ, ನಿಜ ಹೇಳು. ನಾನು ನೌಕರಿ ಬಿಟ್ಟಿದ್ದೀನಿ ಅಂತ ಮೊದಲೇ ಗೊತ್ತಿದ್ದಿದ್ರೆ ಓಟು ಹಾಕ್ತಿದ್ಯಾ?"

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. "ಇಲ್ಲ."

"ಆಗಲೂ ಇಲ್ವಾ?"

"ನೀನು ಸಾಹೇಬ ಆಗ್ಬಿಟ್ರೆ ನಾನು ಇಲ್ಲಿ ಕೂತು ಯಾರನ್ನ ಬೈಯ್ಲಿ?"

ಮಾವ ಬಾಯಿತುಂಬ ಅನ್ನವಿಟ್ಟುಕೊಂಡೇ ನಕ್ಕ. ಅಮ್ಮ ಅವನ ನೆತ್ತಿ ತಟ್ಟಿ, ನೀರಿನ ಲೋಟ ಮುಂದಕ್ಕೆ ಸರಿಸಿದಳು.